ಹೊಸ ಡಿಆರ್ ಪ್ಯಾನೆಲ್ ಮೇಲೆ ಹಳೇ 103 ಲೈನ್ ಗ್ರಿಡ್

ಗ್ರಿಡ್ ಅಂದರೆ ಮೈಯೊಳಗೆ ಚದುರಿದ ಎಕ್ಸ್‌ರೇ ಕಿರಣ ಚಿತ್ರಕ್ಕೆ ಬೀಳದಂತೆ ತಡೆಯುವ, ಸೀಸದ ಪಟ್ಟಿ ಸಾಲಾಗಿ ಜೋಡಿಸಿದ ತಟ್ಟೆ. ನಮ್ಮದರ ರೇಷಿಯೋ (ಪಟ್ಟಿಯ ಎತ್ತರಕ್ಕೂ ನಡುವಿನ ಸಂದಿಗೂ ಇರುವ ಅನುಪಾತ) 8:1, ಫೋಕಸ್ (ಟ್ಯೂಬ್ ಇರಬೇಕಾದ ದೂರ) 100 ಸೆಂ.ಮೀ. ಬಾಕಿ ವಿವರ ಗ್ರಿಡ್ ಮೇಲಿನ ಲೇಬಲ್‌ನಲ್ಲೇ ಇರುತ್ತದೆ, ನೋಡ್ಕೊಳ್ಳಿ. ನನ್ನ ತಕರಾರು ಈ ಪಟ್ಟಿಗಳಿಂದ ಚಿತ್ರದ ಮೇಲೆ ಬೀಳುವ ಗೆರೆಯದ್ದು.

ನಮ್ಮದು ಸಣ್ಣ ಎಕ್ಸ್‌ರೇ ಸೆಂಟರ್. ಕ್ಯಾಸೆಟ್ ಬಿಟ್ಟು 140 ಮೈಕ್ರಾನ್ ಪಿಕ್ಸೆಲ್‌ನ ಡಿಆರ್ (ಡಿಜಿಟಲ್ ಎಕ್ಸ್‌ರೇ) ಪ್ಯಾನೆಲ್ ಹಾಕಿಸಿದಾಗ ದುಡ್ಡೆಲ್ಲ ಅದಕ್ಕೇ ಹೋಯಿತು. ಗ್ರಿಡ್ ಹಳೇದೇ ಇರಲಿ ಅಂದರು ಮಾಲೀಕರು. ಪ್ಯಾನೆಲ್ ಮಾರಿದವರೂ 'ಏನೂ ಆಗಲ್ಲ ಸರ್' ಅಂದರು. ಆಯಿತು. ಎಲ್‌ಎಸ್ ಸ್ಪೈನ್ (ಸೊಂಟದ ಭಾಗದ ಬೆನ್ನುಮೂಳೆ) ತೆಗೆದರೆ ಮಾನಿಟರ್ ತುಂಬಾ ಪಟ್ಟೆ. ಸ್ವಲ್ಪ ಜೂಮ್ ಮಾಡಿದರೆ ಪಟ್ಟೆಯ ಅಗಲವೇ ಬದಲಾಗುತ್ತದೆ. ಪೂರ್ತಿ ಸೈಜಿಗೆ ತೆರೆದರೆ ತೆಳು ಜಾಲರಿ ಮಾತ್ರ.

ಕಾರಣ ಸರಳ ಲೆಕ್ಕ. ಇಂಚಿಗೆ 103 ಅಂದರೆ ಸೆಂ.ಮೀ.ಗೆ ಸುಮಾರು 40 ಸೀಸದ ಪಟ್ಟಿ. ಪ್ಯಾನೆಲ್‌ನಲ್ಲಿ ಸೆಂ.ಮೀ.ಗೆ 71 ಪಿಕ್ಸೆಲ್. ಅದರ ಅರ್ಧದಷ್ಟು, ಅಂದರೆ 35 ಗೆರೆಯವರೆಗೆ ಮಾತ್ರ ಅದು ಇದ್ದದ್ದನ್ನು ಇದ್ದಂತೆ ಹಿಡಿಯುತ್ತದೆ. 40 ಬಂದರೆ 31ರ ಸುಳ್ಳು ಗೆರೆಯಾಗಿ ದಾಖಲಾಗುತ್ತದೆ. ಚಿತ್ರವನ್ನು ಮೂರನೇ ಒಂದಕ್ಕೆ ಕುಗ್ಗಿಸಿ ತೋರಿಸಿದಾಗ ಅದೇ ಮತ್ತೆ ಮಡಚಿಕೊಂಡು ಸೆಂ.ಮೀ.ಗೆ ಏಳೆಂಟು ದಪ್ಪ ಪಟ್ಟೆ ಆಗುತ್ತದೆ. ಎರಡು ಸೊಳ್ಳೆ ಪರದೆ ಒಂದರ ಮೇಲೊಂದು ಬಿದ್ದಾಗ ಅಲೆ ಕಾಣುತ್ತದಲ್ವಾ, ಹಾಗೆ.

ಗೆರೆಯ ಕಾಟ ಹೊಸದಲ್ಲ ಬಿಡಿ. ಜರ್ಮನಿಯ ಗುಸ್ತಾವ್ ಬಕ್ಕಿ 1913ರಲ್ಲಿ ಮಾಡಿದ ಗ್ರಿಡ್ಡಿನ ನೆರಳೂ ಫಿಲ್ಮ್ ಮೇಲೆ ಬೀಳುತ್ತಿತ್ತು. ಎಕ್ಸ್‌ಪೋಷರ್ ಹೊತ್ತಲ್ಲಿ ಗ್ರಿಡ್ಡನ್ನೇ ಸರಿಸಿ ಅದನ್ನು ಮಸುಕು ಮಾಡಿದವರು ಅಮೆರಿಕದ ಹೋಲಿಸ್ ಪಾಟರ್. ನಮ್ಮ ಟೇಬಲ್‌ನಲ್ಲಿ ಹೀಗೆ ಗ್ರಿಡ್ ಸರಿಸುವ ಬಕ್ಕಿ ಮೋಟರ್ ಕೆಟ್ಟು ಎಷ್ಟೋ ಕಾಲವಾಯಿತು. ಗ್ರಿಡ್ ನಿಂತಲ್ಲೇ ನಿಂತಿರುತ್ತದೆ.

ಬೆಳಿಗ್ಗೆ ಟ್ಯೂಬ್ ಬಿಸಿಯಾಗುವವರೆಗೆ ಗ್ರಿಡ್ಡನ್ನು ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಎಣ್ಣೆ ಹಚ್ಚಿದ ಬೆನ್ನಿನವರು ಬಂದು ಹೋದ ಮಾರನೇ ದಿನ ಸ್ವಲ್ಪ ಜಾಸ್ತಿ ಹೊತ್ತು. ಅಂಚಿಗೆ ಬೆರಳಾಡಿಸಿ ನೆಗ್ಗಿದೆಯಾ ನೋಡುತ್ತೇನೆ. ಟ್ಯೂಬ್ ಸೈಡ್ ಅಂತ ಬರೆದ ಮುಖ ಮೇಲಕ್ಕೆ, ನಡುಗೆರೆ ಟೇಬಲ್‌ಗೆ ಅಂಟಿಸಿದ ಟೇಪಿನ ನೇರಕ್ಕೆ. ಆಮೇಲೆ ಯಾರೂ ಇಲ್ಲದೆ ಒಂದು ಖಾಲಿ ಶಾಟ್. ಈ ಗ್ರಿಡ್ ತಲೆಕೆಳಗಾದರೆ ನಡುವೆ ಮಾತ್ರ ಚಿತ್ರ ಬಂದು ಎರಡೂ ಬದಿ ಬೋಳಾಗುತ್ತದೆ, ಅದಕ್ಕೇ ಇಷ್ಟು ಮಡಿ.

ಇಷ್ಟು ಬೈದರೂ ಅದನ್ನು ಮೂಲೆಗೆ ಎಸೆಯಲು ಮನಸ್ಸು ಬಂದಿಲ್ಲ. ದಪ್ಪ ಮೈಯವರ ಕೆಯುಬಿಗೆ (ಕಿಡ್ನಿ, ಮೂತ್ರನಾಳ, ಮೂತ್ರಕೋಶದ ಎಕ್ಸ್‌ರೇ) ಗ್ರಿಡ್ ತೆಗೆದು ನೋಡಿ, ಹೊಟ್ಟೆಯಲ್ಲಿ ಚದುರಿದ ಕಿರಣವೆಲ್ಲ ಬಂದು ಬಿದ್ದು ಬರೀ ಮಂಜು. ಗ್ರಿಡ್ ಇಟ್ಟರೆ ಪಟ್ಟೆಯ ನಡುವೆಯೂ ಸೋಸ್ (ಬೆನ್ನುಮೂಳೆ ಪಕ್ಕದ ಸ್ನಾಯು) ಗೆರೆ, ಕಲ್ಲು ಎರಡೂ ಸ್ಪಷ್ಟ. ಸಾಫ್ಟ್‌ವೇರ್‌ನಲ್ಲಿ ಗೆರೆ ಅಳಿಸುವ ಆಯ್ಕೆ ಇದೆ, ಮಧ್ಯಮಕ್ಕೆ ಇಟ್ಟಿದ್ದೇನೆ. ಪೂರ್ತಿ ಏರಿಸಿದರೆ ಪಟ್ಟೆಯ ಜೊತೆ ಮೂಳೆಯೊಳಗಿನ ಸಣ್ಣ ನೇಯ್ಗೆಯೂ ನುಣ್ಣಗಾಗುತ್ತದೆ. ಕೂದಲೆಳೆ ಬಿರುಕು ಹುಡುಕುವಾಗ ಅದು ಬೇಡ.

ಕೈ, ಪಾದ, ಸಣ್ಣ ಮಕ್ಕಳಿಗೆ ಗ್ರಿಡ್ ಹಾಕುವುದೇ ಇಲ್ಲ. ಗೆರೆಯೂ ಇಲ್ಲ, ಡೋಸೂ ಎಷ್ಟೋ ಕಡಿಮೆ.

ಒಮ್ಮೆ ಡೆಮೋಗೆ ಸೆಂ.ಮೀ.ಗೆ 70 ಲೈನಿನ ಗ್ರಿಡ್ ಬಂದಿತ್ತು. ಅದರಲ್ಲಿ ಪಟ್ಟಿಗಳ ಅಂತರ ಹೆಚ್ಚುಕಮ್ಮಿ ಒಂದು ಪಿಕ್ಸೆಲ್ಲಿನಷ್ಟೇ. ಹಾಗಾಗಿ ಗೆರೆ ಪಿಕ್ಸೆಲ್ಲಿನೊಳಗೇ ಕರಗಿತು, ಎಲ್‌ಎಸ್ ಸ್ಪೈನ್ ಗಾಜಿನಂತೆ ಬಂತು. ಸೀಸದ ಪಟ್ಟಿ ತೆಳುವಾದ್ದರಿಂದ ಅದೇ ರೇಷಿಯೋದಲ್ಲಿ ಮಂಜು ತಡೆಯುವುದು ಒಂಚೂರು ಕಡಿಮೆ, ಆದರೂ ನನಗೆ ಒಪ್ಪಿಗೆ. ಬೆಲೆ ಕೇಳಿದ ಮಾಲೀಕರು ಮಾತ್ರ ಸುಮ್ನೆ ಹೊರಗೆ ಹೋದರು.

ಫಿಲ್ಮ್ ಇರುವವರಿಗೆ ಈ ಹಳೇ ಗ್ರಿಡ್ ಐದಕ್ಕೆ ನಾಲ್ಕು, 140 ಮೈಕ್ರಾನ್ ಪ್ಯಾನೆಲ್ಲಿಗೆ ಎರಡು. ಡಿಆರ್ ಹಾಕಿಸುವವರು ಪ್ಯಾನೆಲ್ಲಿನ ಕೊಟೇಶನ್‌ನಲ್ಲೇ ಅದಕ್ಕೆ ಹೊಂದುವ ಗ್ರಿಡ್ಡನ್ನೂ ಸೇರಿಸಿಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಕೊಡಿಸುವುದಿಲ್ಲ.