ಬ್ರೆಜಾ ಇದ್ದ ಜಾಗಕ್ಕೆ ಫ್ರಾಂಕ್ಸ್: ಸಿಂಧನೂರಿನಿಂದ ಎರಡೂ ಓಡಿಸಿದವನ ಮಾತು

ಸಿಂಧನೂರು ಗಂಜ್‌ನಲ್ಲಿ ಅಡತಿ ಅಂಗಡಿಗಳ ಮುಂದೆ ಇಷ್ಟು ವರ್ಷ ಹೆಚ್ಚಾಗಿ ಕಾಣುತ್ತಿದ್ದದ್ದು ಮಾರುತಿಯ ಬಿಳಿ ಬಣ್ಣದ ಡೀಸೆಲ್ ಬ್ರೆಜಾ ಕಾರು. ಅವಕ್ಕೆಲ್ಲ ಈಗ ವಯಸ್ಸಾಯಿತು, ಒಂದೊಂದಾಗಿ ಮಾರಾಟವಾಗುತ್ತಿವೆ. ಮಾರಿದವರಲ್ಲಿ ಬಹಳ ಮಂದಿ ಮತ್ತೆ ಮಾರುತಿಯನ್ನೇ ತರುತ್ತಿದ್ದಾರೆ, ಆದರೆ ಮನೆಗೆ ಬರುವುದು ಫ್ರಾಂಕ್ಸ್. ನನ್ನದು ಬೀಜ, ಗೊಬ್ಬರದ ಅಂಗಡಿ. ದಿನಕ್ಕೊಬ್ಬರಾದರೂ ಗಲ್ಲೆಯ ಮುಂದೆ ನಿಂತು "ಯಾವ್ದು ತಗೋಬೇಕ್ರೀ?" ಅಂತ ಕೇಳುತ್ತಾರೆ. ಕಾರಣ ಇಷ್ಟೇ, ನಮ್ಮ ಮನೆಯಲ್ಲಿ ಎರಡೂ ಇವೆ. ನನ್ನದು ಪೆಟ್ರೋಲ್ ಬ್ರೆಜಾ. ರಾಯಚೂರಿನಲ್ಲಿ ಮೇಷ್ಟ್ರಾಗಿರುವ ತಮ್ಮನದು ಫ್ರಾಂಕ್ಸ್ ಸಿಎನ್‌ಜಿ. ಅವನು ಊರಿಗೆ ಬಂದಾಗಲೆಲ್ಲ ಕೀಲಿ ಅದಲುಬದಲಾಗುತ್ತದೆ.

ಹಳೆಯ ಡೀಸೆಲ್ ಗಾಡಿಯ ವಿಷಯ ಮೊದಲು ಹೇಳಬೇಕು, ಅದು ಗೊತ್ತಿಲ್ಲದಿದ್ದರೆ ಈಗಿನ ಗೊಂದಲ ಅರ್ಥವಾಗುವುದಿಲ್ಲ. 2016ರಲ್ಲಿ ವಿಟಾರಾ ಬ್ರೆಜಾ ಬಂದಾಗ ಪೆಟ್ರೋಲ್ ಇಂಜಿನ್ನೇ ಇರಲಿಲ್ಲ, 1248 ಸಿಸಿ ಡೀಸೆಲ್ ಒಂದೇ. 90 ಪಿಎಸ್ ಶಕ್ತಿ, 200 ಎನ್‌ಎಂ ಎಳೆತ (ಟಾರ್ಕ್). ಐದು ಜನ ಕೂತು, ಹಿಂದೆ ಎರಡು ಚೀಲ ಹಾಕಿಕೊಂಡು, ಏಸಿ ಹಚ್ಚಿಕೊಂಡು ಹೋದರೂ ಗಾಡಿ ಏದುಸಿರು ಬಿಡುತ್ತಿರಲಿಲ್ಲ. ಕಾಲುವೆ ದಂಡೆಯ ರಸ್ತೆ, ಕ್ಯಾಂಪ್‌ಗಳಿಗೆ ಹೋಗುವ ದಾರಿ, ಮಳೆ ಬಿದ್ದ ಎರೆ ಹೊಲದ ಬದು, ಎಲ್ಲ ಕಡೆಗೂ ಅದೇ ಗಾಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಗೆ ಬರುವ ಹೊತ್ತಿಗೆ ಮಾರುತಿ ಡೀಸೆಲ್ ಅನ್ನೇ ಕೈಬಿಟ್ಟಿತು. ಬ್ರೆಜಾಕ್ಕೆ 1.5 ಲೀಟರ್ ಪೆಟ್ರೋಲ್ ಇಂಜಿನ್ ಬಂತು. 2022ರ ಜೂನ್ ಕೊನೆಯಲ್ಲಿ ಪೂರ್ತಿ ಹೊಸ ಮಾದರಿ ಬಂದಾಗ ಹೆಸರಿನಿಂದ ವಿಟಾರಾ ಹೋಗಿ ಬರೀ ಬ್ರೆಜಾ ಉಳಿಯಿತು. ಮರುವರ್ಷ, 2023ರ ಏಪ್ರಿಲ್‌ನಲ್ಲಿ, ಮಾರುತಿಯದೇ ನೆಕ್ಸಾ ಮಳಿಗೆಗಳಿಗೆ ಫ್ರಾಂಕ್ಸ್ ಬಂತು.

ಫ್ರಾಂಕ್ಸ್ ಎಲ್ಲಿಂದ ಬಂತು ಅಂತ ತಿಳಿಯಲು ಬಾನೆಟ್ ಎತ್ತಿ ನೋಡಬೇಕಿಲ್ಲ, ಚಾಲಕನ ಸೀಟಿನಲ್ಲಿ ಕೂತರೆ ಸಾಕು. ಡ್ಯಾಶ್‌ಬೋರ್ಡ್, ಸ್ಟೀರಿಂಗ್, ಎದುರಿನ ಮೀಟರ್ ಎಲ್ಲ ಮಾರುತಿಯದೇ ಬಲೆನೋ ಕಾರಿನವು. ಅಡಿಗಟ್ಟೂ ಅದೇ. ನೆಲದಿಂದ ಎತ್ತರ 190 ಮಿ.ಮೀ.ಗೆ ಏರಿದೆ, ಮುಖ ಮಾರುತಿಯ ದೊಡ್ಡ ಎಸ್‌ಯುವಿ ಗ್ರ್ಯಾಂಡ್ ವಿಟಾರಾದ ಹಾಗೆ ಗಡುಸಾಗಿದೆ, ಹಿಂಭಾಗ ಇಳಿಜಾರಾಗಿದೆ. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮಾರಾಟದ ಅಂಕಿಗಳೂ ಇದನ್ನೇ ಹೇಳುತ್ತವೆ. 2023-24ರಲ್ಲಿ ಫ್ರಾಂಕ್ಸ್ ಸುಮಾರು 1.34 ಲಕ್ಷ ಹೋಗಿತ್ತು, 2024-25ರಲ್ಲಿ 1.66 ಲಕ್ಷಕ್ಕೆ ಏರಿತು. ಅದೇ ಅವಧಿಯಲ್ಲಿ ಬಲೆನೋ 1.95 ಲಕ್ಷದಿಂದ 1.67 ಲಕ್ಷಕ್ಕೆ ಇಳಿಯಿತು. ಏರಿದ್ದು, ಇಳಿದದ್ದು ಹೆಚ್ಚುಕಡಿಮೆ ಒಂದೇ ಅಳತೆ. ಬ್ರೆಜಾ ಮಾತ್ರ 1.69 ಲಕ್ಷದಿಂದ 1.89 ಲಕ್ಷಕ್ಕೆ ಹೋಯಿತು, ಅಂದರೆ ಆ ವರ್ಷ ಅದರ ಗಿರಾಕಿ ಎಲ್ಲಿಗೂ ಹೋಗಿರಲಿಲ್ಲ. ನನ್ನ ಲೆಕ್ಕದಲ್ಲಿ ಫ್ರಾಂಕ್ಸ್ ಮೊದಲು ಸೆಳೆದದ್ದು ಬಲೆನೋ ಮನೆಯವರನ್ನೇ. 2025ರ ಫೆಬ್ರವರಿಯಲ್ಲಿ ಅದು ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರೂ ಆಯಿತು.

ನಮ್ಮ ಗಂಜ್‌ನವರು ಅತ್ತ ವಾಲಿದ್ದು 2025ರ ಸೆಪ್ಟೆಂಬರ್ 22ರ ನಂತರ, ಜಿಎಸ್‌ಟಿ ಬದಲಾದ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಶೋರೂಂನಲ್ಲಿ ಯಾರೂ ಹೇಳುವುದಿಲ್ಲ. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಒಳಗಿನ ಇಂಜಿನ್, ಎರಡೂ ಇದ್ದರೆ ಅದು ಸಣ್ಣ ಕಾರು, ತೆರಿಗೆ ಶೇ 18. ಇಲ್ಲದಿದ್ದರೆ ಶೇ 40. ಫ್ರಾಂಕ್ಸ್ ಮತ್ತು ಬ್ರೆಜಾ ಎರಡರ ಉದ್ದವೂ 3995 ಮಿ.ಮೀ., ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಫ್ರಾಂಕ್ಸ್‌ನ ಇಂಜಿನ್ 1197 ಸಿಸಿ, ಟರ್ಬೊ ಆದರೆ 998. ಬ್ರೆಜಾದ್ದು 1462. ಹಾಗಾಗಿ ಫ್ರಾಂಕ್ಸ್ ಮೇಲಿನ ತೆರಿಗೆ ಸೆಸ್ ಸೇರಿ ಇದ್ದ ಶೇ 29ರಿಂದ 18ಕ್ಕೆ ಇಳಿಯಿತು, ಬ್ರೆಜಾ ಮೇಲಿನದು ಶೇ 45ರಿಂದ 40ಕ್ಕೆ ಮಾತ್ರ. ದರ ಇಳಿಕೆ ಘೋಷಿಸಿದಾಗ ಫ್ರಾಂಕ್ಸ್‌ನ ಆರಂಭಿಕ ಬೆಲೆ 6.85 ಲಕ್ಷ, ಬ್ರೆಜಾದ್ದು 8.26 ಲಕ್ಷ, ಎರಡೂ ಎಕ್ಸ್ ಶೋರೂಂ. ಹಳ್ಳಿ ರಸ್ತೆಗೆ, ದೊಡ್ಡ ಕುಟುಂಬಕ್ಕೆ ಬೇಕಾದ ಗಾಡಿಗೆ ಐಷಾರಾಮಿ ಕಾರಿನ ತೆರಿಗೆ, ನೂರು ಪಿಎಸ್‌ನ ಟರ್ಬೊಗೆ ಸಣ್ಣ ಕಾರಿನ ತೆರಿಗೆ. ಇದು ನನಗೆ ಸರಿ ಕಾಣುವುದಿಲ್ಲ. ಆದರೆ ಗಿರಾಕಿಯ ತಪ್ಪೇನಿಲ್ಲ, ಅಷ್ಟು ದುಡ್ಡು ಉಳಿಯುತ್ತದೆ ಅಂದರೆ ಯಾರಾದರೂ ಅತ್ತ ನೋಡಿಯೇ ನೋಡುತ್ತಾರೆ.

ಈಗ ಗಾಡಿಯ ವಿಷಯಕ್ಕೆ ಬರುತ್ತೇನೆ.

ತಮ್ಮನ ಫ್ರಾಂಕ್ಸ್ ರಾಯಚೂರು ಪೇಟೆಯಲ್ಲಿ ಓಡಿಸಲು ಬಹಳ ಹಿತ. ಸ್ಟೀರಿಂಗ್ ಹಗುರ, ಕ್ಲಚ್ ಹಗುರ, ಮಾರುಕಟ್ಟೆಯ ಸಂದಿಯಲ್ಲಿ ಎದುರಿಗೆ ಟಂಟಂ ಬಂದರೂ ಹಿಂದೆ ತೆಗೆಯಲು ಕಷ್ಟವಿಲ್ಲ. ರಾಯಚೂರಿನಿಂದ ಮಾನ್ವಿ ಮೇಲೆ ಸಿಂಧನೂರಿಗೆ ಅವನು ಹೆಂಡತಿ, ಮಗಳ ಜೊತೆ ಬರುತ್ತಾನೆ. ಮೂವರಿಗೆ ಅದು ಬೇಕಾದಷ್ಟು ಕಾರು. 1.2 ಪೆಟ್ರೋಲ್ ಮ್ಯಾನುವಲ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 21.79 ಕಿ.ಮೀ., ಸಿಎನ್‌ಜಿಗೆ ಕೆಜಿಗೆ 28.51. ನಮ್ಮ ಕಡೆ ಬಿಸಿಲಿಗೆ ಏಸಿ ಇಲ್ಲದೆ ಯಾರೂ ಓಡಿಸುವುದಿಲ್ಲ, ಅಷ್ಟು ಬರುವುದಿಲ್ಲ. ಆದರೂ ತಿಂಗಳ ಖರ್ಚು ನೋಡಿ ತಮ್ಮನ ಹೆಂಡತಿ ಖುಷಿಯಾಗಿದ್ದಾಳೆ, ಆ ಮನೆಯ ಲೆಕ್ಕ ಬರೆಯುವವಳು ಅವಳೇ.

ಅದೇ ಕಾರಿನಲ್ಲಿ ಐದು ಜನ ಕೂತು ಸಂಡೂರಿನ ಕುಮಾರಸ್ವಾಮಿ ಗುಡ್ಡ ಹತ್ತಿದಾಗ ಕಥೆಯೇ ಬೇರೆ. ಸಿಎನ್‌ಜಿಯಲ್ಲಿ ಓಡುವಾಗ ಆ ಇಂಜಿನ್ ಕೊಡುವುದು 77.5 ಪಿಎಸ್, 98.5 ಎನ್‌ಎಂ. ಹಳೆಯ ಡೀಸೆಲ್ ಬ್ರೆಜಾದ ಅರ್ಧಕ್ಕಿಂತ ಕಡಿಮೆ ಎಳೆತ. ತಿರುವಿನಲ್ಲಿ ವೇಗ ಇಳಿಯಿತು ಅಂದರೆ ಎರಡನೇ ಗೇರ್ ಹಾಕಲೇಬೇಕು, ಎದುರಿಗೆ ಅದಿರಿನ ಲಾರಿ ಬರುತ್ತಿದ್ದರೆ ದಾಟುವ ಯೋಚನೆ ಬಿಡಬೇಕು. ಇದನ್ನು ಕಾರಿನ ದೋಷ ಅನ್ನುವುದಿಲ್ಲ, ಆ ಗಾತ್ರದ ಇಂಜಿನ್ ಇಷ್ಟೇ ಮಾಡಬಲ್ಲದು. ಡೀಸೆಲ್ ಓಡಿಸಿ ಅಭ್ಯಾಸವಿದ್ದವರು ಇದನ್ನು ಮೊದಲೇ ತಿಳಿದಿರಬೇಕು. ಎಳೆತವೇ ಬೇಕು, ಆದರೆ ಫ್ರಾಂಕ್ಸೇ ಆಗಬೇಕು ಅನ್ನುವವರಿಗೆ 1.0 ಟರ್ಬೊ ಇದೆ, 148 ಎನ್‌ಎಂ. ಓಡಿಸಿ ನೋಡಿದ್ದೇನೆ, ಹೆದ್ದಾರಿಯಲ್ಲಿ ನನ್ನ ಬ್ರೆಜಾಕ್ಕಿಂತ ಚುರುಕು. ಆದರೆ ಅದರಲ್ಲಿ ಸಿಎನ್‌ಜಿ ಸಿಗುವುದಿಲ್ಲ.

ನನಗೆ ಬ್ರೆಜಾವೇ ಬೇಕು ಅನ್ನಿಸಿದ್ದು ಇಂಜಿನ್‌ಗಾಗಿ ಅಲ್ಲ, ನಮ್ಮ ಅವ್ವನಿಗಾಗಿ. ಅವ್ವನಿಗೆ ಮೊಣಕಾಲು ನೋವು. ಕೊಪ್ಪಳದ ಗವಿಮಠದ ಜಾತ್ರೆಗೆ ಪ್ರತಿ ವರ್ಷ ಹೋಗಲೇಬೇಕು ಅನ್ನುತ್ತಾಳೆ, ಕಾರಟಗಿ, ಗಂಗಾವತಿ ಮೇಲೆ ದಾರಿ. ಎರಡೂ ಕಾರುಗಳಿಗೆ ಅವಳು ಹತ್ತುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಬ್ರೆಜಾದ ಸೀಟು ಅವಳ ಸೊಂಟದ ಮಟ್ಟಕ್ಕೆ ಬರುತ್ತದೆ. ಮೊದಲು ಹಿಂದಕ್ಕೆ ತಿರುಗಿ ಕೂರುತ್ತಾಳೆ, ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಒಂದೊಂದೇ ಕಾಲನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಯಾರ ಕೈಯೂ ಬೇಡ. ಫ್ರಾಂಕ್ಸ್‌ಗೆ ಹತ್ತುವಾಗ ತಲೆ ಬಗ್ಗಿಸಬೇಕು, ಬಗ್ಗಿದಾಗ ಭಾರವೆಲ್ಲ ಮೊಣಕಾಲಿಗೆ ಬರುತ್ತದೆ. ಅಲ್ಲಿ ಸೊಸೆಯ ಭುಜ ಹಿಡಿಯುತ್ತಾಳೆ. ಕಾಗದದ ಮೇಲೆ ನೋಡಿದರೆ ಬ್ರೆಜಾದ ಎತ್ತರ 1685 ಮಿ.ಮೀ., ಫ್ರಾಂಕ್ಸ್‌ನದು 1550. ಐದು ಇಂಚಿನಷ್ಟು ಕಡಿಮೆ. ಆ ಐದು ಇಂಚು ಎಲ್ಲಿ ಹೋಯಿತು ಅಂತ ಹಿಂದಿನ ಬಾಗಿಲು ತೆಗೆದರೆ ಗೊತ್ತಾಗುತ್ತದೆ.

"ಅದರಾಗ ಕುಂತ್ರ ಹೊರಗ ಹೊಲ ಕಾಣ್ತೈತಿ, ಇದರಾಗ ಬರೀ ಮುಂದಿನ ಸೀಟು ಕಾಣ್ತೈತಿ" ಅಂತ ಅವ್ವ ಹೇಳಿದಳು. ನೆಲ್ಲು ನಾಟಿಯಾದ ಹೊಲಗಳನ್ನು ದಾರಿಯುದ್ದಕ್ಕೂ ನೋಡುತ್ತ ಹೋಗುವುದು ಅವಳಿಗೆ ಇಷ್ಟ. ಬ್ರೆಜಾದ ಹಿಂದಿನ ಕಿಟಕಿ ಎತ್ತರ ಮತ್ತು ಅಗಲ, ಸೀಟಿನ ಬೆನ್ನು ನೆಟ್ಟಗೆ. ಮೂವರು ದೊಡ್ಡವರು ಕೂತು ಬಳ್ಳಾರಿವರೆಗೆ ಹೋದರೂ ಇಳಿದಾಗ ಯಾರೂ ಸೊಂಟ ಹಿಡಿದುಕೊಳ್ಳುವುದಿಲ್ಲ.

ರಸ್ತೆಯ ಮಟ್ಟಿಗೆ ಎರಡರ ನಡುವೆ ನಾನು ಎಣಿಸಿದಷ್ಟು ಅಂತರವಿಲ್ಲ. ನೆಲದಿಂದ ಬ್ರೆಜಾ 198 ಮಿ.ಮೀ., ಫ್ರಾಂಕ್ಸ್ 190. ಸಿಂಧನೂರಿನಿಂದ ಸಿರುಗುಪ್ಪ ಮೇಲೆ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ಸುಗ್ಗಿಯ ಕಾಲದಲ್ಲಿ ಅರ್ಧ ರಸ್ತೆಗೆ ನೆಲ್ಲು ಹರವಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ರಾತ್ರಿ ಆ ಕಲ್ಲು ಕಾಣುವುದಿಲ್ಲ. ಎತ್ತರದ ಸೀಟಿನಿಂದ ಸ್ವಲ್ಪ ಮೊದಲೇ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಗುಂಡಿಗಳ ಮೇಲೆ ಫ್ರಾಂಕ್ಸ್ ಮೆತ್ತಗೆ ಹೋಗುತ್ತದೆ, ಈ ಒಂದು ವಿಷಯದಲ್ಲಿ ಅದಕ್ಕೇ ನನ್ನ ಮತ. ಮಳೆಗಾಲದಲ್ಲಿ ಎರೆ ಮಣ್ಣಿಗೆ ಇಳಿಸಿದರೆ ಎರಡೂ ಒಂದೇ. ಎರಡಕ್ಕೂ ಮುಂದಿನ ಚಕ್ರಕ್ಕಷ್ಟೇ ಶಕ್ತಿ ಹೋಗುವುದು, ಚಕ್ರದ ಗೂಡಿಗೆ ಮಣ್ಣು ಮೆತ್ತಿಕೊಂಡರೆ ಟ್ರ್ಯಾಕ್ಟರ್ ಕರೆಸಬೇಕು. ಎಸ್‌ಯುವಿ ಅಂತ ಹೊಲಕ್ಕೆ ನುಗ್ಗಿಸಬೇಡಿ.

ಡಿಕ್ಕಿಯ ವಿಷಯ. ಪೆಟ್ರೋಲ್ ಬ್ರೆಜಾದ್ದು 328 ಲೀಟರ್, ಫ್ರಾಂಕ್ಸ್‌ನದು 308. ಸಿಎನ್‌ಜಿ ತಗೊಂಡರೆ ಎರಡರಲ್ಲೂ ಆ ಜಾಗ ಸಿಲಿಂಡರಿಗೆ ಹೋಗುತ್ತದೆ. ತಮ್ಮನ ಕಾರಿನಲ್ಲಿ ಸಿಲಿಂಡರ್ ಪಕ್ಕದ ಸಂದಿಗೆ ಎರಡು ಕೈಚೀಲ ತುರುಕಬಹುದು. ಹಬ್ಬ ಮುಗಿಸಿ ಹೊರಟಾಗ ಅವ್ವ ಕೊಡುವ ಜೋಳದ ಚೀಲ, ಶೇಂಗಾ, ಉಪ್ಪಿನಕಾಯಿ ಭರಣಿ ಎಲ್ಲ ಮಗಳ ಕಾಲ ಬಳಿ ಹೋಗುತ್ತವೆ. ನಾನು ಪೆಟ್ರೋಲ್ ತಗೊಂಡದ್ದಕ್ಕೆ ಇದೂ ಒಂದು ಕಾರಣ, ಬೀಜದ ಪೊಟ್ಟಣಗಳ ಪೆಟ್ಟಿಗೆ ಹಾಕಲು ಡಿಕ್ಕಿ ಬೇಕೇ ಬೇಕು. ಬ್ರೆಜಾ ಪೆಟ್ರೋಲ್ ಕುಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಿರುಗುಪ್ಪ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಪರವಾಗಿಲ್ಲ, ಊರೊಳಗೆ ಓಡಿಸಿದರೆ ಬಂಕಿನವರಿಗೆ ಗುರುತಾಗುವಷ್ಟು ಹೋಗಬೇಕು.

ಮಾರುತಿಯ ಉಳಿದ ಗಾಡಿಗಳ ಬಗ್ಗೆ ಎರಡು ಮಾತು ಸಾಕು. ಗ್ರ್ಯಾಂಡ್ ವಿಟಾರಾ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ ತಯಾರಾಗುತ್ತದೆ, ಒಳ್ಳೆಯ ಕಾರು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯೂ ಇದೆ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಮಾರುತಿಯ ಇನ್ನೊಂದು ಬಗೆಯ ಮಳಿಗೆ ಅರೇನಾಕ್ಕೆ ವಿಕ್ಟೋರಿಸ್ ಬಂದಿತು, ಆಗ 10.50 ಲಕ್ಷದಿಂದ ಶುರುವಾಗಿತ್ತು, ಭಾರತ್ ಎನ್‌ಸಿಎಪಿ ಸುರಕ್ಷತಾ ಪರೀಕ್ಷೆಯಲ್ಲಿ ಐದು ನಕ್ಷತ್ರ. ಅದರಲ್ಲಿ ಸಿಎನ್‌ಜಿ ಸಿಲಿಂಡರ್ ಕಾರಿನ ಅಡಿಗೆ ಹೋಗಿದೆ, ಡಿಕ್ಕಿ ಪೂರ್ತಿ ಖಾಲಿ. ಇದನ್ನು ಮೊದಲ ಸಲ ನೋಡಿದಾಗ ಮನಸ್ಸಿಗೆ ನಿಜಕ್ಕೂ ಸಂತೋಷವಾಯಿತು. ಬ್ರೆಜಾಕ್ಕೂ ಫ್ರಾಂಕ್ಸ್‌ಗೂ ಹೀಗೇ ಮಾಡಿದರೆ ನಮ್ಮ ಕಡೆಯವರ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಜಿಮ್ನಿ ಹೊಲಕ್ಕೆ ಎಲ್ಲಕ್ಕಿಂತ ಗಟ್ಟಿ, ಬೆಲೆ ಮಾತ್ರ ಸಂಸಾರಸ್ಥರ ಕೈಗೆ ಎಟುಕುವುದಿಲ್ಲ.

ಇನ್ನು ಕೊಳ್ಳುವ ಹೊತ್ತಿನ ಲೆಕ್ಕ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ರಸ್ತೆ ತೆರಿಗೆ 5ರಿಂದ 10 ಲಕ್ಷದೊಳಗೆ ಶೇ 14, ಹತ್ತು ದಾಟಿ ಇಪ್ಪತ್ತರೊಳಗಾದರೆ ಶೇ 17. ಅದರ ಮೇಲೆ ಸೆಸ್ ಬೇರೆ. 9.90 ಲಕ್ಷದ ಕಾರಿಗೆ ತೆರಿಗೆ 1.38 ಲಕ್ಷದ ಆಸುಪಾಸು, 10.10 ಲಕ್ಷದ್ದಕ್ಕೆ 1.71 ಲಕ್ಷ. ಇಪ್ಪತ್ತು ಸಾವಿರದ ಹೆಚ್ಚಿನ ಕಾರಿಗೆ ಮೂವತ್ತಮೂರು ಸಾವಿರ ಹೆಚ್ಚಿನ ತೆರಿಗೆ. ಬ್ರೆಜಾದ ಮೇಲಿನ ಮಾದರಿಗಳು ಈ ಗೆರೆ ದಾಟುತ್ತವೆ, ಫ್ರಾಂಕ್ಸ್‌ನಲ್ಲಿ ಬಹುತೇಕ ಮಾದರಿಗಳು ಒಳಗೇ ಉಳಿಯುತ್ತವೆ. ಜನ ಫ್ರಾಂಕ್ಸ್ ಕಡೆ ಹೋಗಲು ಜಿಎಸ್‌ಟಿಯಷ್ಟೇ ಈ ಗೆರೆಯೂ ಕಾರಣ ಅಂತ ನನ್ನ ಅಂದಾಜು. ಸನ್‌ರೂಫ್ ಇಲ್ಲದ ನಡುವಿನ ಮಾದರಿ ತಗೊಂಡು ನಾನು ಗೆರೆಯ ಒಳಗೇ ಇದ್ದೆ. ಮೇ ತಿಂಗಳ ನಮ್ಮ ಬಿಸಿಲಿಗೆ ತಲೆಯ ಮೇಲೆ ಗಾಜು ಯಾಕೆ ಬೇಕು?

ಹಳೆಯ ಡೀಸೆಲ್ ಕೊಟ್ಟು ಬರುವವರಿಗೆ ನನ್ನ ಸಲಹೆ: ಮನೆಯಲ್ಲಿ ವಯಸ್ಸಾದವರಿದ್ದು, ವಾರಕ್ಕೊಮ್ಮೆಯಾದರೂ ಐದು ಜನ ಕೂರುವುದಿದ್ದರೆ ಬ್ರೆಜಾ ಪೆಟ್ರೋಲ್ ತಗೊಳ್ಳಿ, ಹೆಚ್ಚಿನ ದುಡ್ಡು ಹೋದರೂ ಹೋಗಲಿ. ಗಂಡ, ಹೆಂಡತಿ, ಮಕ್ಕಳು, ಪೇಟೆಯ ಓಡಾಟ, ಇಷ್ಟೇ ಇದ್ದರೆ ಫ್ರಾಂಕ್ಸ್ 1.2 ಕಣ್ಣು ಮುಚ್ಚಿ ತಗೊಳ್ಳಬಹುದು. ಶೋರೂಂಗೆ ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಿಗೆ ಹತ್ತಿಸಿ, ಇಳಿಸಿ ನೋಡಿ. ನಾವು ಹೋದ ಒಂದು ಕಡೆ ಮ್ಯಾಟ್, ಬಂಪರ್ ಗಾರ್ಡ್, ಕೋಟಿಂಗ್ ಅಂತ ಚೀಟಿಯಲ್ಲಿ ಕೇಳದೇ ಸೇರಿಸಿದ್ದರು. ಬೇಡ ಅಂದ ಮೇಲೆ ತೆಗೆದರು. ಹಾಗಾಗಿ ಆನ್‌ರೋಡ್ ಬೆಲೆಯ ಚೀಟಿ ಕೈಗೆ ಬಂದಾಗ ಪ್ರತಿ ಸಾಲನ್ನೂ ಓದಿ. ಸಿಎನ್‌ಜಿ ಅಂದುಕೊಂಡವರು ಬುಕ್ ಮಾಡುವ ಮೊದಲು ನಿಮ್ಮ ಊರಿನ ಬಂಕಿಗೆ ಸಂಜೆ ಹೊತ್ತು ಒಮ್ಮೆ ಹೋಗಿ ಸರತಿ ಎಷ್ಟಿದೆ ನೋಡಿಕೊಂಡು ಬನ್ನಿ.