ಪೆರ್ಲ ಕಡೆಯ ಕೇಬಲ್ ಫೈಬರ್: ಇದನ್ನು ನಂಬಿ, ಸಂಬಳ ಕಮ್ಮಿಯಾದರೂ ಮನೆಯಿಂದಲೇ ಮಾಡುವ ಕೆಲಸ ಹಿಡಿಯಬಹುದಾ?

ನಮ್ಮೂರಿನ ಕೇಬಲ್ ಟಿವಿಯವರು ಕೊಡುವ ಫೈಬರ್ ನೆಟ್ ಹೇಗಿದೆ ಅಂತ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯವರು ಆಗಾಗ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ಇರುವವರು, ಸಂಬಳ ಕಮ್ಮಿಯಾದರೂ ಪರವಾಗಿಲ್ಲ, ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡೋಣ ಅಂತ ಲೆಕ್ಕ ಹಾಕುತ್ತಿರುವವರು. ನಾನೂ ಹಾಗೆ ಬಂದವಳೇ. ಹಾಗಾಗಿ ಬರೀ ಸ್ಪೀಡ್ ಬರೆದರೆ ಸಾಲದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾರ್ಕು ಐದಕ್ಕೆ ನಾಲ್ಕು.

ಸ್ಪೀಡಿನ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ನಮ್ಮದು 100 ಎಂಬಿಪಿಎಸ್ ಪ್ಲಾನ್. ಒಂದು ವಿಡಿಯೋ ಕಾಲಿಗೆ ನಾಲ್ಕು ಎಂಬಿಪಿಎಸ್ ಇದ್ದರೆ ಧಾರಾಳ. ನಾನು ಮೀಟಿಂಗಿನಲ್ಲಿರುವಾಗ ಒಳಗೆ ಅಪ್ಪ ಯಕ್ಷಗಾನ ಹಾಕಿ ಕೂತರೂ ಏನೂ ಆಗುವುದಿಲ್ಲ. ಅಪ್‌ಲೋಡ್ ಕೂಡ ಅಷ್ಟೇ ಬರುತ್ತದಾ ಅಂತ ಮಾತ್ರ ಕೇಳಿಕೊಳ್ಳಿ, ಕೆಲವು ಪ್ಲಾನುಗಳಲ್ಲಿ ಅದು ಕಮ್ಮಿ ಇರುತ್ತದೆ. ಬಿಲ್ಲಿಗೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆ.

ನಿಜವಾದ ಪರೀಕ್ಷೆ ಇರುವುದು ಮಳೆಗಾಲದಲ್ಲಿ. ಜೂನ್ ತಿಂಗಳು ಗಾಳಿ ಬಂತೆಂದರೆ ಅಡಿಕೆ ಸೋಗೆ ತಂತಿಯ ಮೇಲೆ ಬೀಳುತ್ತದೆ, ತಂತಿ ಕಡಿಯುತ್ತದೆ, ಗೋಡೆಯ ಮೇಲಿನ ಡಬ್ಬದಲ್ಲಿ ಕೆಂಪು ಲೈಟ್ ಮಿನುಗಲು ಶುರು. ಹಿಂದೆ ನಮ್ಮಲ್ಲಿ ಒಂದು ದೊಡ್ಡ ಕಂಪನಿಯ ಕನೆಕ್ಷನ್ ಇತ್ತು. ಅವರಿಗೆ ಫೋನ್ ಮಾಡಿದರೆ ಒಂದು ಕಂಪ್ಲೇಂಟ್ ನಂಬರ್ ಬರುತ್ತಿತ್ತು, ಆಮೇಲೆ ಯಾರೂ ಬಾರದೆಯೇ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಮೆಸೇಜು ಬರುತ್ತಿತ್ತು. ಕೇಬಲ್‌ನವರು ಹಾಗಲ್ಲ. ಈ ಸಲ ಫೋನ್ ಮಾಡಿದಾಗ ಆ ಕಡೆಯಿಂದ, "ನಿಮ್ಮದು ಮಾತ್ರ ಅಲ್ಲ ಅಕ್ಕ, ಆ ಸೈಡಿನ ಲೈನ್ ಪೂರಾ ಹೋಗಿದೆ, ಮಳೆ ಸ್ವಲ್ಪ ಬಿಡ್ಲಿ, ಬರ್ತೇವೆ" ಅಂದರು. ಸಂಜೆಯೊಳಗೆ ಬಂದರು ಕೂಡ.

ಕಡಿದ ತಂತಿ ಜೋಡಿಸುವುದನ್ನು ನಾನು ಕೊಡೆ ಹಿಡಿದು ನಿಂತು ನೋಡಿದೆ. ಒಳಗಿನ ಗಾಜಿನ ಎಳೆ 0.125 ಮಿಲಿಮೀಟರ್ ದಪ್ಪ, ಹೆಚ್ಚುಕಮ್ಮಿ ಕೂದಲಿನಷ್ಟೇ. ಹುಡುಗ ಅದರ ಸಿಪ್ಪೆ ತೆಗೆದು, ಸ್ಪಿರಿಟ್ ಹಚ್ಚಿ ಒರೆಸಿ, ತುದಿಯನ್ನು ನೇರಕ್ಕೆ ಕತ್ತರಿಸಿ, ಸಣ್ಣ ಮೆಷಿನಿನ ಒಳಗೆ ಎರಡೂ ತುದಿ ಇಟ್ಟು ಮುಚ್ಚಿದ. ಮೆಷಿನಿನ ಪರದೆಯಲ್ಲಿ ಎರಡು ಎಳೆ ಎದುರುಬದುರು ಬಂದು, ಒಂದು ಕಿಡಿ ಹಾರಿ, ಒಂದೇ ಆದವು. ಮೇಲೆ ಒಂದು ಕೊಳವೆ ತೂರಿಸಿ ಬಿಸಿ ಮಾಡಿದ, ಮುಗಿಯಿತು. ತಂತಿಯಲ್ಲಿ ಬರುವ ಬೆಳಕಿನ ಬಲ ಅಳೆಯುವ ಮೀಟರ್ ಹಿಡಿದಾಗ ಮೈನಸ್ 21 ಡಿಬಿಎಂ ತೋರಿಸಿತು. ಇದು ಮೈನಸ್ 27ರ ಹತ್ತಿರ ಹೋದರೆ ನೆಟ್ ಕೈಕೊಡುತ್ತದೆ, ಹಾಗಾಗಿ ನಿಮ್ಮ ಮನೆಗೆ ಬಂದಾಗಲೂ ಆ ನಂಬರ್ ತೋರಿಸಲು ಹೇಳಿ.

ಕೇರಳ ಸರ್ಕಾರದ ಕೆ-ಫೋನ್ ಅನ್ನುವ ಫೈಬರ್ ನೆಟ್ 2023ರ ಜೂನಿನಲ್ಲಿ ಉದ್ಘಾಟನೆ ಆಯಿತಲ್ವಾ, ಅದನ್ನೂ ಎಷ್ಟೋ ಕಡೆ ಮನೆಯ ತನಕ ತಲುಪಿಸುವವರು ಊರಿನ ಕೇಬಲ್‌ನವರೇ. ಬೋರ್ಡಿನಲ್ಲಿ ಯಾರ ಹೆಸರಾದರೂ ಇರಲಿ, ಕಂಬ ಹತ್ತುವವರು ಯಾರು ಅಂತ ವಿಚಾರಿಸಿ.

ಒಂದು ಮಾರ್ಕು ಕಳೆದದ್ದು ಕರೆಂಟಿಗೆ. ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಕೇಬಲ್‌ನವರು ಪೇಟೆಯಲ್ಲಿ ಇಟ್ಟಿರುವ, ನೆಟ್ ಕಳಿಸುವ ಮೆಷಿನಿಗೂ ಕರೆಂಟ್ ಬೇಕು. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಲೈನಿಗೆ ದೊಡ್ಡ ಮರ ಬಿದ್ದು ಕರೆಂಟ್ ಬಹಳ ಹೊತ್ತು ಬಾರದಿದ್ದರೆ ಅವರ ಬ್ಯಾಟರಿ ಮುಗಿಯುತ್ತದೆ, ನಮ್ಮ ಇನ್ವರ್ಟರ್ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಇಲ್ಲ. ಅವರೊಂದು ಜನರೇಟರ್ ಇಡಲೇಬೇಕು. ಅಲ್ಲಿಯವರೆಗೆ ಬೇರೆ ಕಂಪನಿಯ ಒಂದು ಸಿಮ್ ಕೈಯಲ್ಲಿರಲಿ.

ಇನ್ನು ಸಂಬಳದ ವಿಷಯ. ನನಗೆ ಮೂರರಲ್ಲಿ ಒಂದು ಪಾಲು ಇಳಿದಿದೆ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್, ಹಬ್ಬಕ್ಕೆ ಊರಿಗೆ ಬರುವಾಗ ದುಪ್ಪಟ್ಟಾಗುವ ಬಸ್ ಟಿಕೆಟ್, ಹೊರಗಿನ ಊಟ ಎಲ್ಲ ಕಳೆದು ನೋಡಿದರೆ ಕೈಯಲ್ಲಿ ಉಳಿಯುವುದು ಹೆಚ್ಚುಕಮ್ಮಿ ಅಷ್ಟೇ. ಆದರೆ ಲೆಕ್ಕ ಅಲ್ಲಿಗೆ ನಿಲ್ಲಿಸಬೇಡಿ. ಪಿಎಫ್ ಕಟ್ಟುವುದು ಮೂಲ ವೇತನದ ಮೇಲೆ, ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಲೆಕ್ಕ ಹಾಕುವುದು ಕೊನೆಗೆ ಪಡೆದ ಸಂಬಳದ ಮೇಲೆ, ಅಂದರೆ ಈಗ ಇಳಿದದ್ದು ಮುಂದೆಯೂ ಇಳಿದಂತೆಯೇ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ಸ್ವಂತ ಮನೆಗೆ ಬಂದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿಯೂ ಹೋಗುತ್ತದೆ. ಇನ್ವರ್ಟರ್, ಕುರ್ಚಿ, ನೆಟ್ ಬಿಲ್ಲು ನಿಮ್ಮ ತಲೆಗೇ ಬರುತ್ತದೆ. ಬಿಲ್ಲನ್ನಾದರೂ ಕಂಪನಿ ಕೊಡಲಿ ಅಂತ ಸೇರುವಾಗಲೇ ಕೇಳಿ, ಸಂಕೋಚ ಬೇಡ. ಮನೆಯಿಂದ ಕೆಲಸ ಅನ್ನುವುದು ಆರ್ಡರ್ ಲೆಟರಿನಲ್ಲೇ ಬರೆದಿರಬೇಕು. ಸುಮ್ನೆ ಬಾಯಿಮಾತು ನಂಬಿ ಸಂಬಳ ಇಳಿಸಿಕೊಂಡರೆ ನಾಳೆ ಆಫೀಸಿಗೆ ಬನ್ನಿ ಅಂದಾಗ ಎರಡೂ ಕಡೆ ನಷ್ಟ.

ಇಷ್ಟೆಲ್ಲ ಇದ್ದೂ ನಾನು ಇದನ್ನು ಬಿಡುವುದಿಲ್ಲ. ಅಡಿಕೆಗೆ ಮದ್ದು ಬಿಡುವ ದಿನ ಆಳುಗಳಿಗೆ ಚಾ ಕೊಟ್ಟು, ಮೈಲುತುತ್ತ, ಸುಣ್ಣ ಸರಿಯಾಗಿ ಕಲಸಿದ್ದಾರಾ ಅಂತ ನೋಡಿ, ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಮಗಳು ಇಲ್ಲಿನ ಕನ್ನಡ ಶಾಲೆಗೇ ಹೋಗುತ್ತಾಳೆ. 2020ರ ಮಾರ್ಚಿನಲ್ಲಿ, ಕೊರೋನಾ ಬಂದಾಗ, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿಗೆ ದಿನಾ ಹೋಗಿಬರುತ್ತಿದ್ದವರು ಪಟ್ಟ ಪಾಡು ನಮ್ಮ ಕಡೆ ಯಾರೂ ಮರೆತಿಲ್ಲ. ಮಂಗಳೂರಲ್ಲಿ ಕೆಲಸ ಹಿಡಿದು ಊರಲ್ಲೇ ಇರಬಹುದಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಕನೆಕ್ಷನ್ ತೆಗೆಯುವ ಮೊದಲು ನಿಮ್ಮ ಪಕ್ಕದ ಮನೆಯವರ ಹತ್ತಿರ, ಹೋದ ಜುಲೈಯಲ್ಲಿ ನೆಟ್ ಹೇಗಿತ್ತು ಅಂತ ಕೇಳಿ. ತೆಗೆಯುವುದಾದರೆ ಏಪ್ರಿಲ್‌ನಲ್ಲೇ ಹೇಳಿಡಿ, ಮಳೆ ಹಿಡಿದ ಮೇಲೆ ಅವರಿಗೆ ರಿಪೇರಿಗೇ ಪುರುಸೊತ್ತಿರುವುದಿಲ್ಲ.