ಪುಕ್ಕಟೆ ಪ್ಲಾನ್ ನಂಬಿ ಪಾಯ ತೆಗೆಸಬೇಡಿ

ಹೊಸ ಮನೆ ಕಟ್ಟಿಸಲು ಹೊರಟವರು ದಯವಿಟ್ಟು ಪಾಯ ತೆಗೆಸುವ ಮೊದಲೇ ಇದನ್ನು ಓದಿ. "ಕೆಲಸ ನಮಗೇ ಕೊಡಿ, ಪ್ಲಾನ್ ಫ್ರೀ" ಅಂತ ಕಾಂಟ್ರ್ಯಾಕ್ಟರ್ ಕೊಟ್ಟ ಒಂದೇ ಒಂದು ಹಾಳೆಯಿಂದ ತುಮಕೂರಿನ ನಮ್ಮ ಮನೆ ಕೆಟ್ಟಿತು. 30×40 ಸೈಟು. ಕೆಳಗೆ ಅಪ್ಪ, ಅಮ್ಮ. ಮೇಲೆ ಅಣ್ಣನ ಸಂಸಾರ. ಅಪ್ಪನ ನಿವೃತ್ತಿಯ ದುಡ್ಡು, ಅಣ್ಣನ ಹೋಮ್ ಲೋನ್, ಎರಡೂ ಅದರಲ್ಲೇ ಹೋಗಿವೆ.

ಆ ಪ್ಲಾನ್ ನಮ್ಮ ಸೈಟಿಗೆ ಅಂತ ಬರೆದದ್ದೇ ಅಲ್ಲ. ಬೇರೆ ಬಡಾವಣೆಯಲ್ಲಿ ಆತ ಕಟ್ಟಿದ್ದ ಇನ್ನೊಂದು ಮನೆಯದು. ಹೆಸರು, ಸೈಟ್ ನಂಬರ್ ಬದಲಾಯಿಸಿ ನಮ್ಮ ಕೈಗಿಟ್ಟಿದ್ದ. ಗೃಹಪ್ರವೇಶ ಆದ ಮೇಲೆ ಆ ಮನೆಯವರೇ ಹೇಳಿದಾಗ ನಮಗೆ ಗೊತ್ತಾಗಿದ್ದು.

ಮೊದಲು ಅಪ್ಪ ಅಮ್ಮನ ರೂಮಿನ ವಿಷಯ ಹೇಳುತ್ತೇನೆ. ಪ್ಲಾನಿನಲ್ಲಿ ಅದು 10 ಅಡಿ ಅಗಲ, 11 ಅಡಿ ಉದ್ದ. ಆ 10 ಅಡಿ ಗೋಡೆಗಳನ್ನೂ ಸೇರಿಸಿ ಬರೆದ ಅಳತೆ. ಹೊರಗೋಡೆ 6 ಇಂಚು, ಒಳಗೋಡೆ 4 ಇಂಚು, ಎರಡೂ ಕಡೆ ಪ್ಲಾಸ್ಟರಿಂಗ್ ಅರ್ಧರ್ಧ ಇಂಚು. ಇಷ್ಟನ್ನು ಕಳೆದರೆ ಉಳಿಯುವುದು 9 ಅಡಿ 1 ಇಂಚು. ಚೌಕಟ್ಟು ಸೇರಿ ಮಂಚದ ಉದ್ದವೇ ಸುಮಾರು 7 ಅಡಿ. ಎದುರು ಗೋಡೆಯ ವಾರ್ಡ್‌ರೋಬ್ 2 ಅಡಿ ಆಳ. ನಡುವೆ ಉಳಿದದ್ದು ಒಂದು ಇಂಚು. ವಾರ್ಡ್‌ರೋಬಿನ ಬಾಗಿಲು ತೆಗೆಯುವುದು ಹೇಗೆ? ಮಂಚ ತಿರುಗಿಸೋಣ ಅಂದರೆ ಉಳಿದ ಎರಡು ಗೋಡೆಗಳಲ್ಲಿ ಒಂದರ ನಟ್ಟನಡುವೆ ರೂಮಿನ ಬಾಗಿಲು, ಇನ್ನೊಂದರ ನಟ್ಟನಡುವೆ ಬಾತ್‌ರೂಮಿನ ಬಾಗಿಲು. ಬಾಗಿಲುಗಳನ್ನು ಮೂಲೆಗೆ ಸರಿಸಿ ಬರೆದಿದ್ದರೆ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲದೆ ಆ ರೂಮು ಉಳಿಯುತ್ತಿತ್ತು. ಈಗ ವಾರ್ಡ್‌ರೋಬ್ ಕೀಳಿಸಿದ್ದೇವೆ. ಅಮ್ಮನ ಸೀರೆಗಳಿರುವ ಬೀರು ಹಾಲಿನಲ್ಲಿ ಟಿವಿ ಪಕ್ಕ ನಿಂತಿದೆ. ಬಂದವರೆದುರು ಅದನ್ನು ತೆಗೆಯಲು ಅಮ್ಮನಿಗೆ ಈಗಲೂ ಮುಜುಗರ.

ಮೆಟ್ಟಿಲಿನದು ಇನ್ನೂ ಬೇಜಾರಿನ ಕತೆ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು, ಅಂದರೆ 126 ಇಂಚು. ಒಂದೊಂದು ಮೆಟ್ಟಿಲು 7 ಇಂಚು ಎತ್ತರ ಇರಬೇಕಾದರೆ 18 ಮೆಟ್ಟಿಲು ಬೇಕು. ಪ್ಲಾನಿನಲ್ಲಿ ಬಿಟ್ಟಿದ್ದ ಜಾಗದಲ್ಲಿ ಹಿಡಿಸಿದ್ದು 15. ಹಾಗಾಗಿ ಒಂದೊಂದೂ ಎಂಟೂವರೆ ಇಂಚಿಗೆ ಹತ್ತಿರ. ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್, ಅಂದರೆ ಏಳೂವರೆ ಇಂಚು ದಾಟಬಾರದು ಅಂತ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಇದೆ. ಕಾಲಿಡುವ ಜಾಗ 250 ಮಿಲಿಮೀಟರ್‌ಗಿಂತ, ಅಂದರೆ ಸುಮಾರು ಹತ್ತು ಇಂಚಿಗಿಂತ, ಕಡಿಮೆ ಇರಬಾರದು ಅಂತಲೂ ಇದೆ. ನಮ್ಮದು 9 ಇಂಚು, ಅದಕ್ಕೂ ಕಮ್ಮಿ. ಅಮ್ಮನಿಗೆ ಮಂಡಿ ನೋವು. ಮೊಮ್ಮಗಳನ್ನು ನೋಡಬೇಕು ಅಂದರೆ ಅವಳೇ ಕೆಳಗೆ ಬರಬೇಕು. ಬಟ್ಟೆ ಒಣಗಿಸುವ ತಂತಿಯೂ ಮೇಲಿದೆ, ಆ ಕೆಲಸ ಪೂರ್ತಿ ಅತ್ತಿಗೆಯ ತಲೆ ಮೇಲೆ ಬಿದ್ದಿದೆ.

ವಾಸ್ತು ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ನಂಬುತ್ತಾರೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೇಳುವುದಿದ್ದರೆ ಪ್ಲಾನ್ ಬರೆಯುವ ಮುಂಚೆ ಕೇಳಿ. ಕೆಳಗಿನ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕುವ ಹೊತ್ತಿಗೆ, ಮೇಲಿನ ಟಾಯ್ಲೆಟ್ ಈಶಾನ್ಯಕ್ಕೆ ಬರುತ್ತದೆ, ಸರಿಸಿ ಅಂತ ಒಬ್ಬರು ಹೇಳಿದರು. ಕಾಂಟ್ರ್ಯಾಕ್ಟರ್ "ಆಯ್ತು ಬಿಡಿ ಸಾರ್" ಅಂದ. ಹೊಸ ಪ್ಲಾನ್ ಬರೆಯಲೇ ಇಲ್ಲ, ಮೇಸ್ತ್ರಿಗೆ ಬಾಯಲ್ಲೇ ಹೇಳಿ ಸರಿಸಿದ. ಸರಿದ ಟಾಯ್ಲೆಟ್ ಬಂದು ಕೂತದ್ದು ಕೆಳಗಿನ ಊಟದ ಟೇಬಲ್ಲಿನ ಮೇಲೆ. ಮೊದಲ ಮಳೆಗಾಲಕ್ಕೇ ಸೀಲಿಂಗಿನಲ್ಲಿ ಹಳದಿ ಕಲೆ ಕಾಣಿಸಿತು. ಮಳೆ ನೀರು ಅಂದುಕೊಂಡೆವು. ಮಳೆ ನಿಂತ ಮೇಲೂ ಒಣಗಲಿಲ್ಲ. ಟಾಯ್ಲೆಟ್ ಮೇಲೆ ಟಾಯ್ಲೆಟ್ಟೇ ಬರಬೇಕು. ಆಗ ಪೈಪು ಒಂದೇ ಡಕ್ಟಿನಲ್ಲಿ (ಪೈಪಿಗೆಂದೇ ಬಿಟ್ಟ ಜಾಗದಲ್ಲಿ) ಇಳಿಯುತ್ತದೆ, ಸೋರಿದರೂ ಊಟದ ತಟ್ಟೆಗೆ ಬೀಳುವುದಿಲ್ಲ.

ಬೆಳಕಿನದೂ ಹೀಗೇ. ಅಡುಗೆಮನೆ ಮತ್ತು ಡೈನಿಂಗ್‌ನ ಕಿಟಕಿಗಳೆಲ್ಲ ಪಕ್ಕದ ಸೈಟಿನ ಕಡೆ. ಆಗ ಅದು ಖಾಲಿ ಇತ್ತು. ಈಗ ಅಲ್ಲಿ ಮನೆ ಎದ್ದಿದೆ, ಮಧ್ಯಾಹ್ನವೂ ಲೈಟ್ ಹಾಕಬೇಕು. ಖಾಲಿ ಸೈಟು ಯಾವತ್ತೂ ಖಾಲಿ ಇರುವುದಿಲ್ಲ, ಅಲ್ವಾ? ಅಜ್ಜಿಯ ಊರಿನ ತೊಟ್ಟಿ ಮನೆಯಲ್ಲಿ ಸುತ್ತ ಗೋಡೆ ಇದ್ದರೂ ನಡುಮನೆಯಲ್ಲಿ ಕೂತು ಅಕ್ಕಿ ಆರಿಸುವಷ್ಟು ಬೆಳಕಿರುತ್ತಿತ್ತು. ಸಣ್ಣ ಸೈಟಿನಲ್ಲೂ ಮೆಟ್ಟಿಲಿನ ಮೇಲೆ ಗಾಜಿನ ಮಾಡು ಹಾಕಿ, ಗಾಳಿ ಹೋಗಲು ಜಾಗ ಬಿಟ್ಟರೆ ಬೆಳಕು ಒಳಗೆ ಇಳಿಯುತ್ತದೆ. ಆದರೆ ಅದನ್ನು ಪ್ಲಾನ್ ಹಂತದಲ್ಲೇ ಕೇಳಬೇಕು.

ಹಾಗಾಗಿ ಪ್ಲಾನ್ ಬರೆಯುವವರಿಗೆ ಬೇರೆಯಾಗಿ ದುಡ್ಡು ಕೊಡಿ, ಕಟ್ಟುವವರ ಕೈಯಲ್ಲಿ ಬರೆಸಬೇಡಿ. ಪ್ಲಾಸ್ಟರಿಂಗ್ ಆದ ಮೇಲೆ ಉಳಿಯುವ ಒಳ ಅಳತೆಯನ್ನೇ ಬರೆಸಿ. ಮಂಚ, ಬೀರು, ಫ್ರಿಜ್, ಡೈನಿಂಗ್ ಟೇಬಲ್, ವಾಷಿಂಗ್ ಮೆಷೀನ್ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಅದರೊಳಗೆ ಕೂರಿಸಿ ತೋರಿಸಲು ಹೇಳಿ. ಮೆಟ್ಟಿಲಿಗೆ ಬೇರೆ ಚಿತ್ರ ಕೇಳಿ, ಎಷ್ಟು ಮೆಟ್ಟಿಲು, ಎಷ್ಟೆಷ್ಟು ಎತ್ತರ ಅಂತ ಅದರಲ್ಲಿ ಇರಬೇಕು. ಮಧ್ಯೆ ತಿರುಗುವ ಮೆಟ್ಟಿಲಾದರೆ ನಮ್ಮ ಎತ್ತರಕ್ಕೆ ಸುಮಾರು 10 ಅಡಿ ಉದ್ದ, ಆರೂವರೆ ಅಡಿ ಅಗಲ ಬೇಕಿತ್ತು. ಏನೇ ಬದಲಾದರೂ ಹೊಸ ಹಾಳೆ ಬರದೆ ಕೆಲಸ ಮುಂದುವರಿಸಲು ಬಿಡಬೇಡಿ.

ಸೈಟಿನಲ್ಲಿ ಪಾಯಕ್ಕೆ ಗುರುತು ಹಾಕುವ ಮಾರ್ಕಿಂಗ್ ದಿನ ಪೂಜೆ ಮುಗಿಸಿ ಹೊರಟುಬಿಡಬೇಡಿ. ರೂಮುಗಳ ಒಳ ಅಳತೆಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿ, ಮನೆಯವರೆಲ್ಲ ಅದರೊಳಗೆ ಓಡಾಡಿ ನೋಡಿ. ಮಂಚದಷ್ಟು ಜಾಗಕ್ಕೆ ಚಾಪೆ ಹಾಸಿ. ವಯಸ್ಸಾದವರ ರೂಮು ಮತ್ತು ಬಾತ್‌ರೂಮಿಗೆ 3 ಅಡಿ ಬಾಗಿಲು ಇಡಿಸಿ, ನಾಳೆ ವೀಲ್‌ಚೇರ್ ಬೇಕಾದರೂ ಬೇಕಾಗಬಹುದು. ಬಾತ್‌ರೂಮಿನ ಬಾಗಿಲು ಹೊರಕ್ಕೆ ತೆರೆಯುವ ಹಾಗಿರಲಿ. ಒಳಗೆ ಜಾರಿ ಬಿದ್ದವರು ಬಾಗಿಲಿಗೆ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನಿಂದ ತಳ್ಳಲು ಆಗುವುದಿಲ್ಲ.